ಸ್ಟೀವಿ ರೇ ವಾನ್ ‘ಟೆಕ್ಸಾಸ್ ಫ್ಲಡ್’: 45ರ ಎರಡು ಡಿಸ್ಕಿನ ಮರುಮುದ್ರಣಕ್ಕೆ ಅಷ್ಟು ದುಡ್ಡು ಸುರಿಯಬಹುದಾ?

#1 ತಿರುಗುಬಿಲ್ಲೆ
ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಅವರ ‘ಟೆಕ್ಸಾಸ್ ಫ್ಲಡ್’ ಆಲ್ಬಮ್ಮಿನ ವಿನೈಲ್ ಡಿಸ್ಕ್, 1983ರ ಎಪಿಕ್ ಕಂಪನಿಯ ಪ್ರೆಸ್ಸಿಂಗ್, ನನ್ನ ಹತ್ರ ಇದೆ, ಮೇಲ್ಮೈ ನೋಡಕ್ಕೆ ಚೆನ್ನಾಗೇ ಇದೆ. ಈಗ ಅದೇ ಆಲ್ಬಮ್‌ನ 45 ಆರ್‌ಪಿಎಂ, (ನಿಮಿಷಕ್ಕೆ 45 ಸುತ್ತು; ಹಳೇದು 33⅓) ಎರಡು ಡಿಸ್ಕಿನ ಆಡಿಯೋಫೈಲ್ ಮರುಮುದ್ರಣ ಮಾರಾಟಕ್ಕಿದೆ. ಬೆಲೆ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. 39 ನಿಮಿಷದ ಸಂಗೀತಕ್ಕೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಎದ್ದು ಡಿಸ್ಕ್ ಮಗುಚಬೇಕು ಬೇರೆ.

ತೊಂದರೆ ಏನಂದ್ರೆ, ಹಳೆ ಡಿಸ್ಕಲ್ಲಿ ಮೊದಲ ಬದಿಯ ಕೊನೇದಾದ ‘ಟೆಸ್ಟಿಫೈ’ ಬರೋ ಹೊತ್ತಿಗೆ ಗಿಟಾರ್ ಸಿಡಿಯುತ್ತೆ, ಬಲ ಚಾನೆಲ್‌ನಲ್ಲಿ ಜಾಸ್ತಿ. ಎರಡನೇ ಬದಿಯ ಕೊನೇ ಹಾಡು ‘ಲೆನ್ನಿ’ ಮಾತ್ರ ಸಲೀಸು. ಡಿಸ್ಕ್ ಸವೆದಿದೆಯಾ, ಸೂಜಿಯದ್ದಾ? 45ರದ್ದು ತಗೊಂಡ್ರೆ ಹೋಗುತ್ತಾ? ಸೆಟಪ್: ಬೆಲ್ಟ್ ಡ್ರೈವ್ ಟರ್ನ್‌ಟೇಬಲ್, ವಿಎಂ95ಇ ಕಾರ್ಟ್ರಿಜ್ (ಸೂಜಿ ಕೂರೋ ಪೆಟ್ಟಿಗೆ), ಸೂಜಿ ಮೇಲೆ 2 ಗ್ರಾಂ ಭಾರ, ಹೊರಗಿನ ಫೋನೋ ಪ್ರಿಆಂಪ್ (ಕಾರ್ಟ್ರಿಜ್ಜಿನ ಸಣ್ಣ ಸಿಗ್ನಲ್ ಹಿಗ್ಗಿಸೋದು).

#2 ಸೂಜಿಮೊನೆ
‘ಟೆಸ್ಟಿಫೈ’ ಸಿಡಿಯುತ್ತೆ, ‘ಲೆನ್ನಿ’ ಸಲೀಸು ಅಂದ್ರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಎರಡೂ ಲೇಬಲ್ ಪಕ್ಕದ ಹಾಡುಗಳೇ. ‘ಲೆನ್ನಿ’ ಮೆದು, ಸೂಜಿಗೆ ಕಷ್ಟ ಕೊಡಲ್ಲ. ‘ಟೆಸ್ಟಿಫೈ’ ಬಿರುಸಿನದು, ಪ್ರತಿ ಮೀಟಿಗೂ ಚೂಪು ಅಂಚು. ಅದು ಹೋಗಿ ಇಕ್ಕಟ್ಟಿನ ಜಾಗದಲ್ಲಿ ಬಿದ್ದಿದೆ.

ಲೆಕ್ಕ ನೋಡಿ. ಹೊರಸುತ್ತು ಕೇಂದ್ರದಿಂದ 146 ಮಿಮೀ. ಅಲ್ಲಿ 33⅓ರಲ್ಲಿ ಗ್ರೂವ್ (ಹಾಡು ಕೊರೆದ ಗೀರು) ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಮೀ ಓಡುತ್ತೆ. 65 ಮಿಮೀಗೆ ಬಂದಾಗ 23 ಸೆಂಮೀಗಿಂತ ಕಮ್ಮಿ. ಅಂದ್ರೆ 10 ಕಿಲೋಹರ್ಟ್ಜ್‌ನ ಒಂದು ಅಲೆಗೆ ಹೊರಗೆ 51 ಮೈಕ್ರಾನ್ ಜಾಗ, ಒಳಗೆ 23 ಮೈಕ್ರಾನ್. ವಿಎಂ95ಇ ಸೂಜಿಯ ಅಂಚಿನ ತ್ರಿಜ್ಯ 0.3 ಮಿಲ್, ಅಂದ್ರೆ 7.6 ಮೈಕ್ರಾನ್. ಅಲೆ ಹತ್ತಿರ ಹತ್ತಿರ ಬಂದಷ್ಟೂ ಈ ಅಂಚು ತಿರುವಿನೊಳಗೆ ಪೂರ್ತಿ ಇಳಿಯಲ್ಲ, ಮೇಲೆ ಮೇಲೇ ಸವರಿಕೊಂಡು ಹೋಗುತ್ತೆ. ನಿಮಗೆ ಕೇಳ್ತಿರೋದು ಅದೇ.

ಈಗ 45ರ ಕಥೆ. 39 ನಿಮಿಷವನ್ನ ಎರಡು ಬದಿಗೆ ಹಂಚಿದರೆ ಬದಿಗೆ 650 ಸುತ್ತು. ನಾಲ್ಕು ಬದಿಗೆ ಹಂಚಿ 45ರಲ್ಲಿ ಕೊರೆದರೆ ಬದಿಗೆ ಸುಮಾರು 440 ಸುತ್ತು ಅಷ್ಟೆ. ಗ್ರೂವ್‌ಗಳ ಅಂತರ ಅದೇ ಇಟ್ಟರೂ 45ರ ಬದಿ 87 ಮಿಮೀ ಆಸುಪಾಸಲ್ಲೇ ಮುಗಿಯುತ್ತೆ. ಅಲ್ಲಿನ ವೇಗ ಸೆಕೆಂಡಿಗೆ 41 ಸೆಂಮೀ. 33ರ ಡಿಸ್ಕಲ್ಲಿ ಆ ವೇಗ ಸಿಗೋದು 117 ಮಿಮೀ ತ್ರಿಜ್ಯದಲ್ಲಿ, ಅಂದ್ರೆ ಬದಿಯ ಮೊದಲರ್ಧದಲ್ಲೇ. 45ರ ಕೆಟ್ಟ ಜಾಗ 33ರ ಒಳ್ಳೆ ಜಾಗಕ್ಕೆ ಸಮ.

#3 ಮೈಸೂರು_ಮೋನೋ
ಸೂಜಿಮೊನೆಯವರ ಲೆಕ್ಕ ಸರಿ. ಒಂದು ತಿದ್ದುಪಡಿ: ಮಾಸ್ಟರಿಂಗ್ ಎಂಜಿನಿಯರ್‌ಗಳು ಮಿಕ್ಕ ಜಾಗವನ್ನ ಖಾಲಿ ಬಿಡಲ್ಲ. ಗ್ರೂವ್ ಅಂತರ ಹೆಚ್ಚಿಸಿ, ಧ್ವನಿಯ ಮಟ್ಟ ಏರಿಸಿ ಕೊರೀತಾರೆ. ಹಾಗಾಗಿ 87ಕ್ಕಿಂತ ಒಳಗೇ ಬರಬಹುದು. ಆದ್ರೂ ಲಾಭ 45ಕ್ಕೇ. ಮಟ್ಟ ಏರಿದಷ್ಟೂ ವಿನೈಲಿನ ಸದ್ದು ಕೆಳಗೆ ಉಳಿಯುತ್ತೆ.

#4 ಜೋರಾಗ್_ಹಾಕು
ಸ್ಟ್ರೀಮಿಂಗ್‌ನಲ್ಲಿ ಹಾಕಿ ಕೇಳಿ ಗುರು. ಒಳಸುತ್ತೂ ಇಲ್ಲ ಹೊರಸುತ್ತೂ ಇಲ್ಲ.

#5 ಧಾರವಾಡ_ಡೆಕ್
ಜೋರಾಗ್ ಅವ್ರ, ಪ್ರಶ್ನೆ ಅದಲ್ರಿ.

ತಿರುಗುಬಿಲ್ಲೆಯವ್ರ, ಬಲ ಚಾನೆಲ್ ಮೊದ್ಲು ಒಡೀತೈತಿ ಅಂದ್ರ ಆ್ಯಂಟಿಸ್ಕೇಟ್ (ಆರ್ಮನ್ನ ಹೊರಗ ಎಳಿಯೋ ಬಲ) ಕಡಿಮಿ ಐತಿ ಅಂತ ಲೆಕ್ಕ. ಕಾರ್ಟ್ರಿಜ್ ಹೊತ್ತ ಆರ್ಮ್ ತಾನಾಗೇ ಒಳಗ ಎಳೀತದ. ಎಳದಾಗ ಸೂಜಿ ಗ್ರೂವಿನ ಒಳಗೋಡಿ ಮ್ಯಾಲೆ ಒತ್ತತದ, ಅದು ಎಡ ಚಾನೆಲ್. ಹೊರಗೋಡಿ ಬಲ ಚಾನೆಲ್, ಅಲ್ಲಿ ಹಿಡ್ತ ಸಡ್ಲ ಆಗಿ ಜೋರ್ ಬಂದಾಗ ಸೂಜಿ ಜಿಗೀತದ. ಮೊದ್ಲು ಭಾರ ಅಳೀರಿ. ಆರ್ಮಿನ ಮ್ಯಾಲಿನ ಅಂಕಿ ನಂಬಬ್ಯಾಡ್ರಿ, ಡಿಜಿಟಲ್ ತಕ್ಕಡಿ ಇಟ್ಟು, ಡಿಸ್ಕಿನ ಎತ್ತರದಾಗ ಸೂಜಿ ಇಳಿಸಿ ನೋಡ್ರಿ. ವಿಎಂ95ಕ್ಕ 1.8ರಿಂದ 2.2 ಗ್ರಾಂ ನಡೀತದ. 2.0 ಇಟ್ಟು ಆ್ಯಂಟಿಸ್ಕೇಟ್ ಕಾಲು ಕಾಲು ಏರಿಸ್ಕೊಂತ ಹೋಗ್ರಿ. ಎರಡೂ ಕಡೆ ಒಂದೇ ಸಮ ಒಡದ್ರ ಅಲ್ಲಿಗೆ ನಿಲ್ಲಸ್ರಿ. ಆಮ್ಯಾಲೆ ಉಳಿದದ್ದು ಅಲೈನ್‌ಮೆಂಟಿನ ತಪ್ಪು.

#6 ಬೆಳ್ಳಿಗೆರೆ
ಗ್ರೂವ್ ಇಲ್ಲದ ನುಣುಪು ಡಿಸ್ಕ್ ಮೇಲೆ ಸೂಜಿ ಇಟ್ಟು, ಆರ್ಮ್ ಅಲುಗದೆ ನಿಲ್ಲೋ ಹಾಗೆ ಆ್ಯಂಟಿಸ್ಕೇಟ್ ಇಟ್ಟರೆ ಸಾಕಲ್ವಾ?

#7 ಧಾರವಾಡ_ಡೆಕ್
ಬ್ಯಾಡ್ರಿ. ನುಣುಪು ಮ್ಯಾಲ್ಮೈ ಮ್ಯಾಲೆ ಸೂಜಿಯ ತುದಿ ಉಜ್ಜತದ, ಗ್ರೂವಿನಾಗ ಎರಡು ಪಕ್ಕ ಉಜ್ಜತಾವು. ಘರ್ಷಣೆನೇ ಬ್ಯಾರೆ. ಹಾಡಿನ ಗ್ರೂವ್ ಇದ್ದ ಟೆಸ್ಟ್ ಡಿಸ್ಕ್ ಸಿಕ್ರ 315 ಹರ್ಟ್ಜ್ ಟ್ರ್ಯಾಕ್ ಹಾಕ್ರಿ. ಸಿಗ್ಲಿಲ್ಲಂದ್ರ ಕಿವಿನೇ ಸಾಕು.

#8 ಕುಡ್ಲ_ಅನಲಾಗ್
ಅಲೈನ್‌ಮೆಂಟ್ ಬಗ್ಗೆ ಯಾರೂ ಸರಿಯಾಗಿ ಹೇಳ್ಲಿಲ್ಲ ಮಾರಾಯ್ರೆ. ಪಿವಟ್ ಆರ್ಮ್ ಡಿಸ್ಕಿನ ಮೇಲೆ ಎರಡೇ ಕಡೆ ಗ್ರೂವಿಗೆ ನೇರ ಇರುದು. ಆ ಎರಡು ಜಾಗ ಎಲ್ಲಿ ಬೇಕು ಅಂತ ನೀವೇ ತೀರ್ಮಾನ ಮಾಡ್ಬೇಕು. ಅದಕ್ಕೆ ಬೇರೆ ಬೇರೆ ಲೆಕ್ಕ ಉಂಟು, ಮಾಡಿದವರ ಹೆಸರಿನಲ್ಲಿ. ಬೇರ್‌ವಾಲ್ಡ್ ಆದ್ರೆ 66 ಮತ್ತು 120.9 ಮಿಮೀ. ಲೋಫ್‌ಗ್ರೆನ್ ಬಿ ಆದ್ರೆ 70.3 ಮತ್ತು 116.6. ಸ್ಟೀವನ್‌ಸನ್ ಆದ್ರೆ 60.3 ಮತ್ತು 117.4, ಅದು ಕೊನೇ ಸುತ್ತನ್ನೇ ಕಾಪಾಡ್ಲಿಕ್ಕೆ ಮಾಡಿದ್ದು.

ನಿಮ್ಮ ಹಳೆ 33ರ ಡಿಸ್ಕಿನಲ್ಲಿ ‘ಟೆಸ್ಟಿಫೈ’ ಎಲ್ಲಿ ಮುಗಿತದೆ ಅಂತ ಸ್ಕೇಲ್ ಇಟ್ಟು ನೋಡಿ. ಸ್ಪಿಂಡಲ್ ನಡುವಿನಿಂದ 65-70 ಮಿಮೀ ಬಂದ್ರೆ ಬೇರ್‌ವಾಲ್ಡ್ ಸಾಕು. 45ರ ಡಿಸ್ಕುಗಳೇ ಹೆಚ್ಚು ಕೇಳುದಾದ್ರೆ ಲೋಫ್‌ಗ್ರೆನ್ ಬಿ ಒಳ್ಳೇದು. ಅದರಲ್ಲಿ ಮಧ್ಯದ ಭಾಗ ಚೆಂದ, ತೀರಾ ಒಳಗೆ ಮಾತ್ರ ಸ್ವಲ್ಪ ಜಾಸ್ತಿ ತಪ್ಪು. 45ರ ಬದಿ ಅಲ್ಲಿಗೆ ಹೋಗುದೇ ಇಲ್ಲ.

ಕೆಲಸ ಮಾಡುದು ಹೀಗೆ: ಪ್ರೊಟ್ರಾಕ್ಟರ್ ಕಾಗದ (ಆ ಎರಡು ಜಾಗಕ್ಕೆ ಚುಕ್ಕಿ ಹಾಕಿದ್ದು) ಪ್ರಿಂಟ್ ತೆಗೆದು, ಅದರಲ್ಲಿರುವ 100 ಮಿಮೀ ಗೆರೆಯನ್ನು ಸ್ಕೇಲಿನಲ್ಲಿ ಅಳೆಯಿರಿ. 99 ಬಂದ್ರೆ ಬಿಸಾಡಿ, ಪ್ರಿಂಟರ್ ಕುಗ್ಗಿಸಿದೆ ಅಂತ ಅರ್ಥ. ಕಾರ್ಟ್ರಿಜ್‌ನ ಎರಡು ಸ್ಕ್ರೂ ಸ್ವಲ್ಪ ಸಡಿಲ ಮಾಡಿ, ಸೂಜಿ ಒಳಗಿನ ಚುಕ್ಕಿಯ ಮೇಲೆ ಕೂರುವ ಹಾಗೆ ಹಿಂದೆ ಮುಂದೆ ಜರುಗಿಸಿ. ನೋಡ್ಬೇಕಾದ್ದು ಕಾರ್ಟ್ರಿಜ್‌ನ ಪೆಟ್ಟಿಗೆಯನ್ನಲ್ಲ, ಸೂಜಿ ಹಿಡಿದ ಸಣ್ಣ ಕಡ್ಡಿಯನ್ನು. ಆ ಕಡ್ಡಿ ಪೆಟ್ಟಿಗೆಗೆ ನೇರ ಇರ್ಬೇಕು ಅಂತ ಏನೂ ಇಲ್ಲ. ಸ್ಕ್ರೂ ಬಿಗಿ ಮಾಡುವಾಗ ಕಾರ್ಟ್ರಿಜ್ ತಿರುಗಿಯೇ ತಿರುಗ್ತದೆ, ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಿ. ಕೊನೆಗೆ ಭಾರ ಮತ್ತೆ ಅಳೆಯಿರಿ. ಕಾರ್ಟ್ರಿಜ್ ಮುಂದೆ ಹೋದ್ರೆ ಭಾರ ಹೆಚ್ಚಾಗ್ತದೆ.

#9 ಬೆಳ್ಳಿಗೆರೆ
ಸಾರ್, ಡಿಸ್ಕ್ ನಿಜವಾಗ್ಲೂ ಸವೆದಿದ್ರೆ? ಇಷ್ಟೆಲ್ಲ ಮಾಡಿ ಸೊನ್ನೆ.

#10 ಸೂಜಿಮೊನೆ
ಗೊತ್ತು ಮಾಡಿಕೊಳ್ಳೋಕೆ ಸುಲಭದ ದಾರಿ ಇದೆ. ವಿಎಂ95 ಸರಣಿಯ ಸೂಜಿಗಳೆಲ್ಲ ಒಂದೇ ಬಾಡಿಗೆ ಕೂರುತ್ತವೆ. ಈಗಿನದನ್ನ ಎಳೆದು ಮೈಕ್ರೋಲೀನಿಯರ್ (ಎಂಎಲ್) ಸೂಜಿ ಹಾಕಿ ನೋಡಿ. ಅದರ ಅಂಚು 0.12 ಮಿಲ್, ಅಂದ್ರೆ 3 ಮೈಕ್ರಾನ್, ಒಳಸುತ್ತಿನ 23 ಮೈಕ್ರಾನ್ ಅಲೆಯೊಳಗೆ ಸಲೀಸಾಗಿ ಇಳಿಯುತ್ತೆ. ಸಿಡಿತ ಪೂರ್ತಿ ಹೋಯ್ತು ಅಂದ್ರೆ ಡಿಸ್ಕ್ ಸರಿ ಇದೆ. ಅದೇ ಜಾಗದಲ್ಲಿ ಅದೇ ಥರ ಪರಪರ ಅಂದ್ರೆ ಹಿಂದಿನ ಯಾರೋ ಸವೆದ ಸೂಜಿಯಲ್ಲಿ ಗೋಡೆ ಕೆರೆದಿದ್ದಾರೆ, ಅದಕ್ಕೆ ಮದ್ದಿಲ್ಲ.

ಎಂಎಲ್ ಸೂಜಿ ಬೆಲೆ ಹೆಚ್ಚು, ಒಪ್ಪುತ್ತೀನಿ. ಆದ್ರೆ ಅದು ನಿಮ್ಮ ಕಪಾಟಿನ ಎಲ್ಲ ಡಿಸ್ಕಿಗೂ ಕೆಲಸ ಮಾಡುತ್ತೆ. 45ರ ಮರುಮುದ್ರಣ ಒಂದೇ ಆಲ್ಬಮ್‌ಗೆ.

#11 ಟ್ರಿಪಲ್_ಎ
ಎಲ್ಲಾ ಸರಿ. ಮೊದಲು ಕೇಳಬೇಕಾದ ಪ್ರಶ್ನೆ: ಮರುಮುದ್ರಣ ಯಾವುದು? ಅನಲಾಗ್ ಟೇಪಿಂದ ನೇರ ಕೊರೆದದ್ದಾ, ಮಧ್ಯೆ ಡಿಜಿಟಲ್ ಫೈಲ್ ಇದೆಯಾ? ಡಿಜಿಟಲ್ ಇದ್ರೆ ಅಷ್ಟು ದುಡ್ಡು ಕೊಡೋದರಲ್ಲಿ ಅರ್ಥವೇ ಇಲ್ಲ.

#12 ಮೈಸೂರು_ಮೋನೋ
ಈ ಆಲ್ಬಮ್‌ನ 45ರಲ್ಲಿ ಎರಡು ಹೆಸರಿನವು ಜಾಸ್ತಿ ಓಡಾಡುತ್ತವೆ. ಒಂದು ಅನಲಾಗ್ ಪ್ರೊಡಕ್ಷನ್ಸ್ ಕಂಪನಿಯದು. 2014ರಲ್ಲಿ ‘ಟೆಕ್ಸಾಸ್ ಹರಿಕೇನ್’ ಅಂತ ಆರು ಆಲ್ಬಮ್‌ಗಳ, 12 ಡಿಸ್ಕಿನ ಪೆಟ್ಟಿಗೆ ತಂದರು. ಸ್ಟರ್ಲಿಂಗ್ ಸೌಂಡ್ ಸ್ಟುಡಿಯೋದಲ್ಲಿ ರಾಯನ್ ಕೆ. ಸ್ಮಿತ್ ಮೂಲ ಅನಲಾಗ್ ಟೇಪುಗಳಿಂದ ಕೊರೆದದ್ದು, ಕ್ಯಾನ್ಸಸ್‌ನ ಸಲೈನಾದಲ್ಲಿರುವ ಕ್ವಾಲಿಟಿ ರೆಕಾರ್ಡ್ ಪ್ರೆಸ್ಸಿಂಗ್ಸ್‌ನಲ್ಲಿ ಒತ್ತಿದ್ದು, 200 ಗ್ರಾಂ. ಇನ್ನೊಂದು ಮೊಬೈಲ್ ಫಿಡೆಲಿಟಿ ಕಂಪನಿಯ ಒನ್‌ಸ್ಟೆಪ್. ಮಾರುವವರು ಯಾವುದನ್ನ ಮಾರ್ತಿದ್ದಾರೆ ಅಂತ ಕೇಳದೆ ಒಂದು ರೂಪಾಯಿ ಕಳಿಸಬೇಡಿ. ಲೇಬಲ್ ಹೊರಗಿನ ನುಣುಪು ಪಟ್ಟಿಯ ಫೋಟೋ ತರಿಸಿ. ಸ್ಮಿತ್ ಕೊರೆದದ್ದಾದರೆ ಅಲ್ಲಿ ‘ಆರ್‌ಕೆಎಸ್’ ಅಂತ ಕೈಯಲ್ಲಿ ಗೀಚಿರುತ್ತೆ.

#13 ಟ್ರಿಪಲ್_ಎ
ಒನ್‌ಸ್ಟೆಪ್ ಹೆಸರು ಬಂತಲ್ಲ! 2022ರಲ್ಲಿ ಏನಾಯ್ತು ಅಂತ ಮರೆತುಬಿಟ್ರಾ?

#14 ಬೆಳ್ಳಿಗೆರೆ
ಏನಾಯ್ತು?

#15 ಸೂಜಿಮೊನೆ
ಚುಟುಕಾಗಿ ಹೇಳ್ತೀನಿ, ಇಲ್ಲಾಂದ್ರೆ ಇಡೀ ದಾರ ಅಲ್ಲಿಗೇ ಹೋಗುತ್ತೆ. ಮಾಮೂಲಿ ಡಿಸ್ಕ್ ಮಾಡುವಾಗ ಮೊದಲು ಲ್ಯಾಕರ್ (ಮೆದು ಮೇಲ್ಮೈಯ ಮೂಲ ಡಿಸ್ಕ್) ಕೊರೀತಾರೆ. ಅದರ ಮೇಲೆ ಬೆಳ್ಳಿ ಸಿಂಪಡಿಸಿ ನಿಕಲ್ ಲೇಪಿಸಿ ‘ಫಾದರ್’ ಎಬ್ಬಿಸ್ತಾರೆ, ಅದರಿಂದ ‘ಮದರ್’, ಮದರ್‌ನಿಂದ ಡಿಸ್ಕ್ ಒತ್ತೋ ಸ್ಟ್ಯಾಂಪರ್. ಒಂದು ಲ್ಯಾಕರ್‌ನಿಂದ ಹತ್ತಾರು ಸ್ಟ್ಯಾಂಪರ್ ಬರುತ್ತೆ. ಒನ್‌ಸ್ಟೆಪ್‌ನಲ್ಲಿ ಲ್ಯಾಕರ್‌ನಿಂದ ಎಬ್ಬಿಸಿದ ಮೊದಲ ಲೋಹದ ಅಚ್ಚನ್ನೇ ನೇರ ಪ್ರೆಸ್ಸಿಗೆ ಹಾಕ್ತಾರೆ. ಎರಡು ನಕಲಿನ ಹಂತ ತಪ್ಪುತ್ತೆ, ಸದ್ದು ಕಮ್ಮಿ. ಆದ್ರೆ ಅದು ಸುಮಾರು ಸಾವಿರ ಡಿಸ್ಕಿಗೆ ಸವೆಯುತ್ತೆ, ಮತ್ತೆ ಹೊಸ ಲ್ಯಾಕರ್ ಕೊರೀಬೇಕು.

2022ರಲ್ಲಿ ಮೊಬೈಲ್ ಫಿಡೆಲಿಟಿಯವರು ಮೈಕಲ್ ಜಾಕ್ಸನ್ ಅವರ ‘ಥ್ರಿಲ್ಲರ್’ ಅನ್ನ ಈ ವಿಧಾನದಲ್ಲಿ 40,000 ಪ್ರತಿ ಮಾಡ್ತೀವಿ ಅಂದಾಗ ಜನ ಲೆಕ್ಕ ಹಾಕಿದರು: ಹಾಗಾದ್ರೆ ಮೂಲ ಟೇಪನ್ನ ನಲವತ್ತು ಸಲ ಓಡಿಸ್ತೀರಾ? ಯಾವ ಕಂಪನಿಯೂ ಅಷ್ಟು ಸಲ ಟೇಪ್ ಕೊಡಲ್ಲ. ಆಮೇಲೆ ಮೊಬೈಲ್ ಫಿಡೆಲಿಟಿಯ ಎಂಜಿನಿಯರ್‌ಗಳೇ ಒಪ್ಪಿದರು: ಟೇಪನ್ನ ಡಿಎಸ್‌ಡಿಗೆ (ಒಂದು ಬಗೆಯ ಡಿಜಿಟಲ್ ಫೈಲ್) ವರ್ಗಾಯಿಸಿ, ಅದರಿಂದ ಕೊರೀತಿದ್ದೀವಿ ಅಂತ. ಮೊಕದ್ದಮೆ ಆಯ್ತು, ರಾಜಿಯೂ ಆಯ್ತು. ಈಗ ಅವರು ಯಾವ ಟೇಪು, ಯಾವ ಡಿಎಸ್‌ಡಿ ಅಂತ ಪ್ರತಿ ಬಿಡುಗಡೆಗೂ ಬರೀತಾರೆ.

#16 ಟ್ರಿಪಲ್_ಎ
ಅದಕ್ಕೇ ಹೇಳಿದ್ದು.

#17 ಸೂಜಿಮೊನೆ
ತಡೀರಿ. ಅವರು ಮುಚ್ಚಿಟ್ಟದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ವರ್ಷಗಟ್ಟಲೆ ಅದೇ ಡಿಸ್ಕುಗಳನ್ನ ಅನಲಾಗ್ ಅಂತ ಹೊಗಳಿದ್ದು ಯಾರು? ನಿಮ್ಮಂಥ ಕಿವಿಯವರೇ.

ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಡಿಸ್ಕ್ ಕೊರೆಯುವಾಗ ಮುಂದೆ ಜೋರು ಬರ್ತಿದೆಯಾ ಅಂತ ಯಂತ್ರಕ್ಕೆ ಒಂದು ಸುತ್ತು ಮುಂಚೆಯೇ ಗೊತ್ತಾಗಬೇಕು, ಗ್ರೂವ್ ಅಂತರ ಅಗಲಿಸೋಕೆ. ಅದಕ್ಕೆ ಟೇಪ್ ಮೆಷಿನ್ನಲ್ಲೇ ಇನ್ನೊಂದು ಮುನ್ನೋಟದ ಹೆಡ್ ಬೇಕು, ಟೇಪು ಉದ್ದದ ಹಾದಿ ಸುತ್ತಿ ಬರಬೇಕು. ಆ ಮೆಷಿನ್ ಇಲ್ಲದ ಕಡೆ 1970ರ ದಶಕದ ಕೊನೆಯಿಂದ ಡಿಜಿಟಲ್ ಡಿಲೇ (ಧ್ವನಿಯನ್ನ ಕೊಂಚ ತಡೆದು ಕೊಡೋ ಪೆಟ್ಟಿಗೆ) ಬಳಕೆಗೆ ಬಂತು. ಕೊರೆಯುವ ತಲೆಗೆ ಹೋಗೋ ಧ್ವನಿಯೇ ಆ ಡಿಜಿಟಲ್ ಪೆಟ್ಟಿಗೆ ಹೊಕ್ಕು ಬರ್ತಿತ್ತು. 1980ರ ದಶಕದ ಎಷ್ಟೋ ‘ಒರಿಜಿನಲ್’ ಡಿಸ್ಕುಗಳು ಹೀಗೇ ಹುಟ್ಟಿದ್ದು. ಹಳೇದೆಲ್ಲ ಅನಲಾಗ್ ಅನ್ನೋ ನಂಬಿಕೆ ಬಿಡಿ.

#18 ಟ್ರಿಪಲ್_ಎ
ಡಿಲೇ ಬೇರೆ, ಇಡೀ ಮಾಸ್ಟರ್ ಫೈಲ್ ಬೇರೆ.

#19 ಸೂಜಿಮೊನೆ
ಹೌದು, ಬೇರೆ. ಡಿಲೇ ಆ ಕಾಲದ ಪರಿವರ್ತಕದ್ದು, ಈಗಿನ ಡಿಎಸ್‌ಡಿಗಿಂತ ಕಡೆ 🙂

#20 ಹಳೆಬಾಸ್
‘ಒರಿಜಿನಲ್ಲೇ ದೇವರು’ ಅನ್ನೋರಿಗೆ ‘ಲೆಡ್ ಜೆಪ್ಪೆಲಿನ್ 2’ ನೆನಪಿಸಬೇಕು. 1969ರಲ್ಲಿ ಎಂಜಿನಿಯರ್ ಬಾಬ್ ಲಡ್ವಿಗ್ ಆ ಆಲ್ಬಮ್ ಅನ್ನ ಭಾರಿ ಧ್ವನಿಮಟ್ಟದಲ್ಲಿ ಕೊರೆದರು. ಅಗ್ಗದ ಪ್ಲೇಯರ್‌ಗಳಲ್ಲಿ ಸೂಜಿ ಹಾರ್ತಿದೆ ಅಂತ ದೂರು ಬಂದು, ಅಟ್ಲಾಂಟಿಕ್ ಕಂಪನಿಯವರು ಬಾಸು ಮಟ್ಟ ಎರಡೂ ತಗ್ಗಿಸಿ ಮತ್ತೆ ಕೊರೆಸಿದರು. ನುಣುಪು ಪಟ್ಟಿಯಲ್ಲಿ ಲಡ್ವಿಗ್ ಗುರುತು ‘ಆರ್‌ಎಲ್’ ಇರೋ ಮೊದಲ ಪ್ರತಿಗಳಿಗೆ ಇವತ್ತು ಕೇಳಿದಷ್ಟು ಬೆಲೆ. ಅದೇ ವರ್ಷದ, ಅದೇ ಕವರ್‌ನ ಇನ್ನೊಂದು ಪ್ರತಿ ಸಪ್ಪೆ. ಕವರ್ ಮೇಲಿನ ಇಸವಿ ನೋಡಿ ಕೊಳ್ಳೋರು ಮೋಸ ಹೋಗೋದು ಇಲ್ಲೇ.

#21 ಇ_ಫ್ಲ್ಯಾಟ್
‘ಟೆಕ್ಸಾಸ್ ಫ್ಲಡ್’ ವಿಷಯದಲ್ಲಿ ಮೂಲ ರೆಕಾರ್ಡಿಂಗೇ ಸರಳ, ಅದಕ್ಕೇ ಮರುಮುದ್ರಣದಲ್ಲಿ ವ್ಯತ್ಯಾಸ ಚೆನ್ನಾಗಿ ಕೇಳುತ್ತೆ. 1982ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಜಾಕ್ಸನ್ ಬ್ರೌನ್ ಅವರ ಸ್ಟುಡಿಯೋದಲ್ಲಿ ಮೂರೇ ದಿನದಲ್ಲಿ ಮುಗಿಸಿದ್ದು. ರಿಚರ್ಡ್ ಮುಲ್ಲೆನ್ ಎಂಜಿನಿಯರ್. ಟಾಮಿ ಶ್ಯಾನನ್ ಬಾಸ್, ಕ್ರಿಸ್ ಲೇಟನ್ ಡ್ರಮ್ಸ್. ಒಂದೇ ಕೋಣೆಯಲ್ಲಿ ಲೈವ್ ನುಡಿಸಿದ ಹಾಗೆ, ಓವರ್‌ಡಬ್ (ಆಮೇಲೆ ಬೇರೆಯಾಗಿ ನುಡಿಸಿ ಸೇರಿಸಿದ್ದು) ತೀರಾ ಕಮ್ಮಿ. ಸಿಂಥ್ ಇಲ್ಲ, ಮೇಲೆ ಬಳಿದ ಮೆರುಗು ಇಲ್ಲ.

ಒಳ್ಳೆ ಪ್ರೆಸ್ಸಿಂಗ್ ಗುರುತಿಸೋಕೆ ಎಲ್ಲಿ ಕಿವಿ ಇಡಬೇಕು ಅಂದ್ರೆ: ‘ಪ್ರೈಡ್ ಅಂಡ್ ಜಾಯ್’ನಲ್ಲಿ ಗಿಟಾರಿನ ಬಾಸ್ ತಂತಿ ಮೀಟಿದ ತಕ್ಷಣ ತೆಳು ತಂತಿಗಳನ್ನ ಸದ್ದಡಗಿಸಿ ಮೀಟಿದ ‘ಚಕ್’ ಬರುತ್ತೆ. ದಪ್ಪ 13ರ ತಂತಿಗಳು (ಅತಿ ತೆಳುವಾದದ್ದೇ 0.013 ಇಂಚು). ಕೆಟ್ಟ ಸೆಟಪ್‌ನಲ್ಲಿ ಅದು ಬರೀ ‘ಸ್ಸ್’. ಒಳ್ಳೆ ಸೆಟಪ್‌ನಲ್ಲಿ ಕಟ್ಟಿಗೆಗೆ ತಂತಿ ತಾಗಿದ್ದು ಕೇಳುತ್ತೆ, ಅದರ ಹಿಂದೆ ಸ್ನೇರ್ ಬೇರೆಯಾಗಿ ನಿಲ್ಲುತ್ತೆ.

ಅಂದಹಾಗೆ ಗಿಟಾರ್ ಶ್ರುತಿ ಮಾಮೂಲಿಗಿಂತ ಒಂದು ಮನೆ ಕೆಳಗೆ, ಇ ಫ್ಲ್ಯಾಟ್‌ಗೆ ಇಳಿಸಿದ್ದು. ಟರ್ನ್‌ಟೇಬಲ್ ವೇಗ ಸರಿ ಇದೆಯಾ ಅಂತ ಟ್ಯೂನರ್ ಆ್ಯಪ್ ಇಟ್ಟು ನೋಡಬಹುದು.

#22 ಮೈಸೂರು_ಮೋನೋ
ಕೊನೆ ಸಾಲು ಒಪ್ಪಲ್ಲ. ಅವತ್ತು ಅವರು ಎ 440ಕ್ಕೇ (‘ಎ’ ಸ್ವರ 440 ಹರ್ಟ್ಜ್ ಅನ್ನೋ ಪ್ರಮಾಣ) ಸರಿಯಾಗಿ ಶ್ರುತಿ ಮಾಡಿದ್ರು ಅಂತ ಯಾರು ಹೇಳಿದ್ದು? ಮಿಕ್ಸ್ ಮಾಡುವಾಗ, ಕೊರೆಯುವಾಗ ಟೇಪ್ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಓಡಿರಬಹುದು. ಹಾಡಿಂದ ವೇಗ ಅಳೆಯಬೇಡಿ. 3150 ಹರ್ಟ್ಜ್ ಟೋನ್ ಇರೋ ಟೆಸ್ಟ್ ಡಿಸ್ಕ್ ತಗೊಳ್ಳಿ. 1 ಶೇಕಡಾ ತಪ್ಪಿದ್ರೆ 31.5 ಹರ್ಟ್ಜ್ ಸರಿಯುತ್ತೆ, ಫೋನಿನ ಆ್ಯಪ್‌ಗೇ ಸಿಗುತ್ತೆ.

#23 ಬೆಳ್ಳಿಗೆರೆ
ಸ್ಟ್ರೋಬ್ ಡಿಸ್ಕ್ ಕಾಗದ ಇದೆ, ವೇಗ ಸರಿ ಇದ್ರೆ ಅದರ ಗೆರೆಗಳು ನಿಂತ ಹಾಗೆ ಕಾಣಬೇಕು. ಎಲ್‌ಇಡಿ ಬಲ್ಬಿನ ಕೆಳಗೆ ಗೆರೆ ನಿಲ್ಲೋದೇ ಇಲ್ಲ.

#24 ಮೈಸೂರು_ಮೋನೋ
ನಿಲ್ಲಲ್ಲ. ಬಹಳಷ್ಟು ಎಲ್‌ಇಡಿ ಬಲ್ಬು ಕರೆಂಟಿನ ತಾಳಕ್ಕೆ ಮಿಟುಕಲ್ಲ. ನಿಯಾನ್ ಟೆಸ್ಟರ್ ಅಥವಾ ಹಳೆ ಸೊನ್ನೆ ವಾಟ್ ಬಲ್ಬ್ ಬೇಕು.

ಇನ್ನೊಂದು ಸೂಕ್ಷ್ಮ. ನಮ್ಮ 50 ಹರ್ಟ್ಜ್‌ನಲ್ಲಿ 33⅓ಕ್ಕೆ ಸರಿಯಾಗಿ 180 ಗೆರೆ. 45ಕ್ಕೆ ಲೆಕ್ಕ ಹಾಕಿದ್ರೆ 133.33 ಬರುತ್ತೆ, ಮೂರನೇ ಒಂದು ಗೆರೆ ಬರೆಯಕ್ಕಾಗಲ್ಲ. ಹಾಗಾಗಿ 133 ಗೆರೆ ಹಾಕಿರ್ತಾರೆ. ಆ ಗೆರೆ ಕದಲದೆ ನಿಂತಾಗ ನಿಮ್ಮ ಟೇಬಲ್ ಓಡ್ತಿರೋದು 45.11ರಲ್ಲಿ. ಕಾಲು ಶೇಕಡಾ ವೇಗ, ಕಿವಿಗೆ ಬೀಳಲ್ಲ. ಆದ್ರೆ ‘ಸರಿಯಾಗಿ 45’ ಅಂತ ಜಗಳಕ್ಕೆ ಬರಬೇಡಿ. ಅಮೆರಿಕದ 60 ಹರ್ಟ್ಜ್‌ನಲ್ಲಿ 216 ಮತ್ತು 160, ಎರಡೂ ಪೂರ್ಣ ಸಂಖ್ಯೆ.

#25 ಸ್ಯಾನ್‌ಹೊಸೆ_ಸೀನ
60 ಹರ್ಟ್ಜ್ ಮಾತು ಬಂದಿದ್ದಕ್ಕೆ ಒಂದು ಪ್ರಶ್ನೆ. ಅಮೆರಿಕದಿಂದ ಬೆಂಗಳೂರಿಗೆ ಶಿಫ್ಟ್ ಆಗುವಾಗ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ ತರಬಹುದಾ? ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಸಾಕಲ್ವಾ?

#26 ಧಾರವಾಡ_ಡೆಕ್
ಎಸಿ ಸಿಂಕ್ರೋನಸ್ ಮೋಟಾರ್ (ಕರೆಂಟಿನ ಹರ್ಟ್ಜ್ ತಾಳಕ್ಕ ತಿರಗೋದು) ಇದ್ರ ಸಾಕಾಗಂಗಿಲ್ರಿ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಸ್ತದ, ಹರ್ಟ್ಜ್ ಬದಲ್ಸಂಗಿಲ್ಲ. 33⅓ ಹೋಗಿ 27.8 ಆಗತದ, 45 ಹೋಗಿ 37.5. ವಾನ್ ಅವ್ರ ಗಿಟಾರ್ ಇ ಫ್ಲ್ಯಾಟ್ ಇದ್ದದ್ದು ಮೂರು ಮನಿ ಕೆಳಗ ಇಳದು ಸಿ ಹತ್ರ ಬರ್ತದ. 50 ಹರ್ಟ್ಜ್ ಪುಲ್ಲಿ ತರಸ್ರಿ, ಇಲ್ಲಾ ಹರ್ಟ್ಜ್ ತಾನೇ ತಯಾರ್ ಮಾಡೋ ಪವರ್ ಸಪ್ಲೈ ಹಾಕ್ರಿ. ಡಿಸಿ ಮೋಟಾರ್ ಇದ್ರ, ಗೋಡಿಗೆ ಚುಚ್ಚೋ ಅಡಾಪ್ಟರ್ ಮ್ಯಾಲೆ 100-240 ವೋಲ್ಟ್ ಅಂತ ಬರದಿದ್ರ, ಚಿಂತಿ ಇಲ್ಲ.

#27 ಜೋರಾಗ್_ಹಾಕು
ನಿಧಾನಕ್ಕೆ ಓಡಿಸಿದ್ರೆ ಬ್ಲೂಸ್ ಇನ್ನೂ ಚೆನ್ನಾಗಿರುತ್ತಲ್ಲ ಸಾರ್

#28 ಕೆಪಾಸಿಟರ್_ಕಿಟ್ಟಿ
ತಿರುಗುಬಿಲ್ಲೆ ಅಣ್ಣ, ಫೋನೋ ಪ್ರಿಆಂಪ್‌ನಲ್ಲಿ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡೋ ಗುಣ) ಎಷ್ಟಿದೆ ನೋಡಿದ್ರಾ? ವಿಎಂ95ಕ್ಕೆ ಕೇಬಲ್ ಸೇರಿ ಒಟ್ಟು 100ರಿಂದ 200 ಪಿಕೋಫ್ಯಾರಡ್ ಇರಬೇಕು. ಆರ್ಮಿನ ವೈರು, ಆರ್‌ಸಿಎ ಕೇಬಲ್ ಎರಡೇ 150 ತಿಂದುಬಿಡಬಹುದು. ಅದರ ಮೇಲೆ ಪ್ರಿಆಂಪ್ 220 ಅಂತ ಇದ್ರೆ ಒಟ್ಟು 370.

ಏನಾಗುತ್ತೆ ಅಂದ್ರೆ, ಕಾರ್ಟ್ರಿಜ್‌ನ ಸುರುಳಿ 550 ಮಿಲಿಹೆನ್ರಿ. 150 ಪಿಕೋಫ್ಯಾರಡ್ ಜೊತೆ ಅದರ ಅನುರಣನೆ 17.5 ಕಿಲೋಹರ್ಟ್ಜ್ ಹತ್ತಿರ, ಕಿವಿಯಿಂದ ದೂರ. 370ಕ್ಕೆ ಅದು 11 ಕಿಲೋಹರ್ಟ್ಜ್‌ಗೆ ಇಳಿಯುತ್ತೆ. ಅಲ್ಲೊಂದು ಗುಡ್ಡ ಎದ್ದು, ಅದಾದ ಮೇಲೆ ದಿಢೀರ್ ಇಳಿಜಾರು. ವಾನ್ ಅವರ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನ ಮೀಟಿನ ಅಂಚು, ಸಿಂಬಲ್, ‘ಸ’ಕಾರ ಎಲ್ಲ ಅದೇ ಗುಡ್ಡದ ಮೇಲೆ. ಒಳಸುತ್ತಿನ ಸಿಡಿತವನ್ನ ಇದು ಹುಟ್ಟಿಸಲ್ಲ, ಆದ್ರೆ ಇರೋದನ್ನ ಎತ್ತಿ ತೋರಿಸುತ್ತೆ. ಪ್ರಿಆಂಪ್ ಕೆಳಗೆ ಡಿಪ್ ಸ್ವಿಚ್ ಇದ್ರೆ ಅತಿ ಕಮ್ಮಿಗೆ ಇಡಿ. ಕೇಬಲ್ ಒಂದು ಮೀಟರ್ ಮೀರದಿರಲಿ.

#29 ಹಳೆಬಾಸ್
ಇದನ್ನ ಯಾರೂ ನೋಡಲ್ಲ, ಕಿಟ್ಟಿ ಹೇಳಿದ್ದು ಸರಿ. ಸಾವಿರಾರು ರೂಪಾಯಿ ಕೇಬಲ್ ತಂದು ಕೆಪಾಸಿಟೆನ್ಸ್ ಏರಿಸಿಕೊಳ್ಳೋರೇ ಜಾಸ್ತಿ.

#30 ಬೆಳ್ಳಿಗೆರೆ
200 ಗ್ರಾಂ ಡಿಸ್ಕ್ ಹಾಕಿದ್ರೆ ಆರ್ಮ್ ಎತ್ತರ ಬದಲಿಸಬೇಕಾ? ನನ್ನ ಆರ್ಮ್‌ನಲ್ಲಿ ಎತ್ತರದ ಹೊಂದಾಣಿಕೆಯೇ ಇಲ್ಲ.

#31 ಕುಡ್ಲ_ಅನಲಾಗ್
ಬೇಡ. ಸಾಮಾನ್ಯ ಡಿಸ್ಕಿಗೂ 200 ಗ್ರಾಮಿಗೂ ದಪ್ಪದಲ್ಲಿ ವ್ಯತ್ಯಾಸ 1 ಮಿಮೀಗಿಂತ ಕಮ್ಮಿ. 9 ಇಂಚಿನ ಆರ್ಮಿನಲ್ಲಿ 1 ಮಿಮೀ ಅಂದ್ರೆ ಕಾಲು ಡಿಗ್ರಿ. ಕಾರ್ಟ್ರಿಜ್ ಮಾಡುವಾಗಲೇ ಅದಕ್ಕಿಂತ ಹೆಚ್ಚು ಆಚೀಚೆ ಇರ್ತದೆ. ಭಾರದ ಡಿಸ್ಕ್ ಅಂದ್ರೆ ಒಳ್ಳೆ ಧ್ವನಿ ಅಂತಲೂ ಇಲ್ಲ, ಗ್ರೂವಿನ ಆಳ ಎಲ್ಲದರಲ್ಲೂ ಒಂದೇ. ಭಾರ ಹೆಚ್ಚಾದ್ರೆ ಡೊಂಕು ಬರುದು ಸ್ವಲ್ಪ ಕಮ್ಮಿ, ಅಷ್ಟೇ. ಮತ್ತೆ ಅಂಚೆ ಖರ್ಚು ಹೆಚ್ಚು.

#32 ಹಳೆಬಾಸ್
ಭಾರದ ಡಿಸ್ಕಿಗೆ ಒಂದು ಅಪಾಯವೂ ಇದೆ: ನಾನ್‌ಫಿಲ್. ಪ್ರೆಸ್ಸಲ್ಲಿ ವಿನೈಲ್ ಗ್ರೂವಿನ ತಳಕ್ಕೆ ಪೂರ್ತಿ ಹರಿಯೋ ಮುಂಚೆಯೇ ತಣ್ಣಗಾದ್ರೆ ಗೋಡೆಯಲ್ಲಿ ಸಣ್ಣ ಸಣ್ಣ ಹಳ್ಳ ಉಳಿಯುತ್ತೆ. ವಿನೈಲ್ ಜಾಸ್ತಿ ಇದ್ದಷ್ಟೂ ಕಾಯಿಸೋದು, ತಣಿಸೋದು ಎರಡಕ್ಕೂ ಸಮಯ ಬೇಕು. ಅವಸರ ಮಾಡಿದ್ರೆ ಕೆಟ್ಟಿತು. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಹೊಲಿಗೆ ಹಾಕಿದ ಹಾಗೆ ಬಿಳಿ ಚುಕ್ಕಿಗಳ ಪಟ್ಟೆ ಕಂಡರೆ ಅದೇ. ಕೇಳಿದಾಗ ಟಿಕ್ ಟಿಕ್ ಅಲ್ಲ, ಬಟ್ಟೆ ಹರಿದ ಹಾಗೆ ‘ಪರ್ರ್’. ಎಷ್ಟು ತೊಳೆದರೂ ಹೋಗಲ್ಲ. ವಾಪಸ್ ಕಳಿಸೋದೊಂದೇ ದಾರಿ, ಅದಕ್ಕೇ ಬಂದ ದಿನವೇ ನಾಲ್ಕೂ ಬದಿ ಕೇಳಿ.

#33 ಇ_ಫ್ಲ್ಯಾಟ್
ತೂತು ನಡುವಲ್ಲಿದೆಯಾ ಅಂತಲೂ ನೋಡಿ. ಹಾಡುವಾಗ ಆರ್ಮ್ ಎಡಬಲ ತೂಗ್ತಿದ್ರೆ ತೂತು ಸರಿದಿದೆ. 0.2 ಮಿಮೀ ಸರಿದಿದ್ರೆ ಆರ್ಮ್ ಒಟ್ಟು 0.4 ಮಿಮೀ ತೂಗುತ್ತೆ. 100 ಮಿಮೀ ತ್ರಿಜ್ಯದಲ್ಲಿ ಸ್ವರ 0.2 ಶೇಕಡಾ ಏರಿಳಿಯುತ್ತೆ, 70ರಲ್ಲಿ ಸುಮಾರು 0.3. ಡ್ರಮ್ಸ್ ಗದ್ದಲದಲ್ಲಿ ಗೊತ್ತಾಗಲ್ಲ. ‘ಲೆನ್ನಿ’ಯಲ್ಲಿ ತಂತಿ ಎಳೆದು ಬಿಟ್ಟ ಉದ್ದ ಸ್ವರಗಳಿವೆ, ಅಲ್ಲಿ ಗೊತ್ತಾಗುತ್ತೆ. ಅಲ್ಲಿ ವಾನ್ ವಿಬ್ರಾಟೋ ಬಾರ್ ಕೂಡ ಬಳಸ್ತಾರೆ. ಅದು ಯಾವುದು, ತೂತಿನ ತೂಗಾಟ ಯಾವುದು ಅಂತ ಗೊಂದಲ ಬೇಡ: ತೂತಿನದು ಡಿಸ್ಕಿನ ಪ್ರತಿ ಸುತ್ತಿಗೂ ತಪ್ಪದೆ ಬರುತ್ತೆ, 45ರಲ್ಲಿ ನಾಲ್ಕು ಸೆಕೆಂಡಿಗೆ ಮೂರು ಸಲ.

#34 ಬೆಳ್ಳಿಗೆರೆ
ಹೊಸ ಡಿಸ್ಕ್ ತೊಳೀಬೇಕಾ?

#35 ಕುಡ್ಲ_ಅನಲಾಗ್
ತೊಳೀಬೇಕು. ಕಾಗದದ ಒಳಕವರಿನ ನಾರು, ಪ್ರೆಸ್ಸಿನ ಧೂಳು ಇರ್ತದೆ. 1 ಲೀಟರ್ ಡಿಸ್ಟಿಲ್ಡ್ ನೀರು, 50ರಿಂದ 100 ಮಿಲೀ ಐಸೊಪ್ರೊಪೈಲ್ ಆಲ್ಕೋಹಾಲ್, ಎರಡು ಹನಿ ಬಣ್ಣ-ಪರಿಮಳ ಇಲ್ಲದ ವೆಟಿಂಗ್ ಏಜೆಂಟ್ (ನೀರು ಗ್ರೂವಿನೊಳಗೆ ಹರಡ್ಲಿಕ್ಕೆ). ಗ್ರೂವ್ ಹೋದ ದಿಕ್ಕಿನಲ್ಲೇ ಬ್ರಷ್ ಮಾಡಿ, ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಮ್ಮೆ ತೊಳೆದು ಒಣಗಿಸಿ. ಆರ್‌ಒ ನೀರು ಬೇಡ, ಅದರಲ್ಲಿ ಲವಣ ಉಳಿದಿರ್ತದೆ, ಒಣಗಿದ ಮೇಲೆ ಗ್ರೂವಲ್ಲಿ ಕೂತು ಟಿಕ್ ಟಿಕ್ ಅಂತದೆ. ಮನೆಯಲ್ಲಿ ಹಳೆ 78ರ ಶೆಲ್ಯಾಕ್ ಪ್ಲೇಟ್ ಇದ್ರೆ ಈ ದ್ರಾವಣ ಅದಕ್ಕೆ ತಾಗಿಸ್ಲೇಬೇಡಿ, ಆಲ್ಕೋಹಾಲಿಗೆ ಶೆಲ್ಯಾಕ್ ಕರಗ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ಕವರಿಗೆ ಬೂಸ್ಟು ಬರುದು ಉಂಟಲ್ಲ, ಅದು ಒಳಕವರ್ ಮೂಲಕ ಡಿಸ್ಕಿಗೂ ಇಳೀತದೆ. ಗೋಡೆಗೆ ಒತ್ತಿ ಕಪಾಟು ಇಡ್ಬೇಡಿ.

#36 ಹಳೆಬಾಸ್
ವಿಷಯಾಂತರ: 45 ಅಂದ್ರೆ ಆಡಿಯೋಫೈಲ್ ಅಂತ ಎಲ್ಲರೂ ಹಾರಾಡ್ತಿದ್ದೀರಿ. ಕನ್ನಡ ಚಿತ್ರಗೀತೆಗಳ ಏಳಿಂಚಿನ ಇಪಿಗಳೂ 45ರವೇ ಅಲ್ವಾ. ಹೊಸ ಸೆಟಪ್‌ನಲ್ಲಿ ಒಂದನ್ನ ಹಾಕಿ ನೋಡಿ, ಸವೆದಿಲ್ಲದ ಪ್ರತಿ ಸಿಕ್ಕರೆ ದನಿಯ ಗಟ್ಟಿತನಕ್ಕೆ ಬೆರಗಾಗ್ತೀರಿ.

#37 ಟ್ರಿಪಲ್_ಎ
ಅವಕ್ಕೂ ಮೂಲ ಟೇಪಿಂದ ಯಾರಾದರೂ 45ರ ಮರುಮುದ್ರಣ ತಂದ್ರೆ ಮೊದಲ ಗಿರಾಕಿ ನಾನೇ.

#38 ತಿರುಗುಬಿಲ್ಲೆ
ಎಲ್ಲರಿಗೂ ಥ್ಯಾಂಕ್ಸ್. ಪ್ರೊಟ್ರಾಕ್ಟರ್ ಇಟ್ಟು ನೋಡಿದೆ, ಸೂಜಿ ಚುಕ್ಕಿಗಿಂತ ಒಂದೂವರೆ ಮಿಮೀ ಹಿಂದಿತ್ತು. ಬೇರ್‌ವಾಲ್ಡ್‌ಗೆ ತಂದೆ, ಭಾರ 2.0, ಆ್ಯಂಟಿಸ್ಕೇಟ್ ಸ್ವಲ್ಪ ಏರಿಸಿದೆ, ಪ್ರಿಆಂಪ್ ಸ್ವಿಚ್ ಕಿಟ್ಟಿ ಹೇಳಿದ ಹಾಗೆ ಇಳಿಸಿದೆ. ‘ಟೆಸ್ಟಿಫೈ’ ಸಿಡಿತ ಮುಕ್ಕಾಲು ಪಾಲು ಹೋಗಿದೆ, ಉಳಿದದ್ದು ಎರಡೂ ಚಾನೆಲ್‌ನಲ್ಲಿ ಸಮ.

ಮಾರುವವರಿಂದ ಫೋಟೋ ಬಂತು, ‘ಆರ್‌ಕೆಎಸ್’ ಇದೆ. ಆದ್ರೆ ಕವರ್‌ನ ಅಂಚು ಒಂದು ಕಡೆ ಸೀಳಿದೆ ಅಂತಾರೆ.

#39 ಸೂಜಿಮೊನೆ
ಉಳಿದ ಕಾಲು ಭಾಗ ನಿಮ್ಮ ವಿಎಂ95ಇಯ ಎಲಿಪ್ಟಿಕಲ್ ಸೂಜಿಯ ಮಿತಿ. ನನ್ನ ಓಟು ಈಗಲೂ ಎಂಎಲ್ ಸೂಜಿಗೇ. ಅದು ತಗೊಂಡು ಆರು ತಿಂಗಳು ಕೇಳಿ, ಆಮೇಲೂ 45 ಬೇಕು ಅನ್ನಿಸಿದ್ರೆ ಕೊಳ್ಳಿ.

#40 ಟ್ರಿಪಲ್_ಎ
ಆರು ತಿಂಗಳಲ್ಲಿ ಅದು ಬೇರೆಯವರ ಕಪಾಟಲ್ಲಿರುತ್ತೆ. ತಗೊಳ್ಳಿ ಸಾರ್.

#41 ಮೈಸೂರು_ಮೋನೋ
ತಗೊಳ್ಳೋದಾದ್ರೆ ಅಂಚು ಸೀಳಿದ್ದಕ್ಕೆ ಬೆಲೆ ಇಳಿಸಿ ಕೇಳಿ. ಇನ್ನಷ್ಟು ಸೀಳಬಾರದು ಅಂದ್ರೆ ಡಿಸ್ಕುಗಳನ್ನ ಒಳಕವರ್ ಸಮೇತ ಹೊರಗೆ ತೆಗೆದು, ಖಾಲಿ ಕವರ್‌ನ ಹಿಂದೆ ಇಟ್ಟು ಪ್ಯಾಕ್ ಮಾಡಲು ಹೇಳಿ. ಎರಡೂ ಕಡೆ ಗಟ್ಟಿ ರಟ್ಟು, ರಟ್ಟಿನ ಗೆರೆಗಳು ಒಂದಕ್ಕೊಂದು ಅಡ್ಡಡ್ಡ ಇರಲಿ. ಹೊರದೇಶದಿಂದ ಬರೋದಾದ್ರೆ ಕಸ್ಟಮ್ಸ್ ಜೊತೆಗೆ ಕೊರಿಯರ್‌ನವರ ಶುಲ್ಕವನ್ನೂ ಬೆಲೆಗೆ ಸೇರಿಸಿಕೊಂಡು ಲೆಕ್ಕ ಹಾಕಿ.

#42 ಜೋರಾಗ್_ಹಾಕು
ಬೆಲ್ಟ್ ಡ್ರೈವ್ ಅಂದ್ರಲ್ಲ, 45ಕ್ಕೆ ಬಟನ್ ಇದೆಯಾ, ಇಲ್ಲಾ ಪ್ಲ್ಯಾಟರ್ (ಡಿಸ್ಕ್ ಕೂರೋ ತಟ್ಟೆ) ಎತ್ತಿ ಬೆಲ್ಟ್ ಜರುಗಿಸಬೇಕಾ?

#43 ತಿರುಗುಬಿಲ್ಲೆ
ಪ್ಲ್ಯಾಟರ್ ಎತ್ತಬೇಕು.

#44 ಜೋರಾಗ್_ಹಾಕು
ಬೆಲ್ಟ್ ಮುಟ್ಟುವಾಗ ಕೈಗೆ ಎಣ್ಣೆ ಇರಬಾರದು ಸಾರ್, ಜಾರಿದ್ರೆ ವೇಗ ಕೆಡುತ್ತೆ. ನೋಡಿ, ನಾನೂ ಒಂದು ಟಿಪ್ಸ್ ಕೊಟ್ಟೆ.